ಚಿನೆಲ್ಲಿ 1ಎ ಸ್ಟೆಮ್, 64 ಹ್ಯಾಂಡಲ್‌ಬಾರ್: ಹಳೆಯ ಜೋಡಿ ಕೊಳ್ಳುವ ಮುನ್ನ

ಇಟಲಿಯ ಚೀನೊ ಚಿನೆಲ್ಲಿ 1938ರಲ್ಲಿ ಜಿರೊ ದಿ ಲೊಂಬಾರ್ದಿಯಾ, 1943ರಲ್ಲಿ ಮಿಲಾನ್–ಸಾನ್ ರೆಮೊ ಸೈಕಲ್ ರೇಸ್ ಗೆದ್ದವರು. ರೇಸಿಂಗ್ ಬಿಟ್ಟ ಮೇಲೆ ಮಿಲಾನ್‌ನಲ್ಲಿ ಕಂಪನಿ ಕಟ್ಟಿದರು. ಮೊದಲು ಉಕ್ಕಿನಲ್ಲಿ, 1960ರ ದಶಕದಿಂದ ಅಲ್ಯೂಮಿನಿಯಂನಲ್ಲಿ ಅವರು ಮಾಡಿಸಿದ ಸ್ಟೆಮ್ (ಹ್ಯಾಂಡಲ್‌ಬಾರನ್ನು ಫೋರ್ಕ್‌ಗೆ, ಅಂದರೆ ಮುಂಚಕ್ರ ಹಿಡಿಯುವ ಕವಲಿಗೆ, ಜೋಡಿಸುವ ತುಂಡು) ಮತ್ತು ಹ್ಯಾಂಡಲ್‌ಬಾರ್‌ಗಳನ್ನು ದಶಕಗಟ್ಟಲೆ ವೃತ್ತಿಪರ ಸವಾರರು ಬಳಸಿದರು. ಗಂಟೆಗಟ್ಟಲೆ ಬಾಗಿ ಕೂತವನ ಕೈ ಎಲ್ಲಿ ನೋಯುತ್ತದೆಂದು ಬಲ್ಲವರ ಕೆಲಸ ಇದು.

ಬಾರ್‌ಗಳಲ್ಲಿ ಮೂರು ಆಕಾರ ಮುಖ್ಯ. 64 ಎಂಬ ಮಾದರಿಯ ಹೆಸರು ಜಿರೊ ದಿತಾಲಿಯಾ: ಮೇಲ್ಭಾಗ ಚಪ್ಪಟೆ, ದೂರದ ಸವಾರಿಗೆ ಸುಖ. 65 ಕ್ರಿಟೀರಿಯಂನ ಭುಜಗಳು ಇಳಿಜಾರು. ಸ್ಪ್ರಿಂಟ್‌ನಲ್ಲಿ ಮುಂಗೈ ತಾಗುವುದಿಲ್ಲ, ಮೇಲೆ ಹಿಡಿಯಲು ಮಾತ್ರ ಜಾಗ ಕಡಿಮೆ. 66 ಇನ್ನೂ ಆಳ, ಸೊಂಟ ಬಗ್ಗದವರಿಗೆ ಬೇಡ. ಹೆಚ್ಚಿನವರಿಗೆ 64 ಸಾಕು. ಅಗಲವನ್ನು ಹೊರಅಂಚಿನಿಂದ ಹೊರಅಂಚಿಗೆ ಅಳೆದು ಬರೆದಿರುತ್ತಾರೆ. ಮಧ್ಯದಿಂದ ಮಧ್ಯಕ್ಕೆ ಅಳೆಯುವ ಇತರ ಕಂಪನಿಗಳ, ಅದೇ ಅಳತೆ ಬರೆದ ಬಾರ್‌ಗೆ ಹೋಲಿಸಿದರೆ ಸುಮಾರು 2 ಸೆಂ.ಮೀ. ಕಿರಿದು.

ಎಡವಟ್ಟಾಗುವುದು ವ್ಯಾಸದಲ್ಲಿ. ಹಳೆಯ ಚಿನೆಲ್ಲಿ ಬಾರ್‌ನಲ್ಲಿ ಸ್ಟೆಮ್ ಹಿಡಿಯುವ ಭಾಗ 26.4 ಮಿ.ಮೀ.; 1990ರ ದಶಕದ ಕೊನೆಯ ಹೊತ್ತಿಗೆ ಅದು 26.0 ಆಯಿತು. 26.0 ಬಾರನ್ನು 26.4 ಸ್ಟೆಮ್‌ಗೆ ಹಾಕಿದರೆ ಎಷ್ಟು ಬಿಗಿದರೂ ಜೋರು ಬ್ರೇಕ್‌ಗೆ ಬಾರ್ ತಿರುಗಿಬಿಡುತ್ತದೆ. ಇನ್ನೂ ಬಿಗಿದರೆ ಸ್ಟೆಮ್‌ನ ಕಿವಿ (ಬಾರನ್ನು ಬಿಗಿಯುವ ಸೀಳಿನ ತುದಿ) ಸೀಳಬಹುದು. 26.4 ಬಾರನ್ನು 26.0 ಸ್ಟೆಮ್‌ಗೆ ತುರುಕುವುದೂ ಅಷ್ಟೇ ಕೆಟ್ಟದ್ದು. ಮಾರುವವರ ಮಾತು ನಂಬಬೇಡಿ, ವರ್ನಿಯರ್ ಕ್ಯಾಲಿಪರ್ ಹಿಡಿದು ನೀವೇ ಅಳೆಯಿರಿ.

ಫೋರ್ಕ್‌ನೊಳಗೆ ಇಳಿಯುವ ಸ್ಟೆಮ್‌ನ ಕಾಂಡ 22.2 ಮಿ.ಮೀ.; ಒಂದಿಂಚಿನ, ತಿರುಪಿನ ಗೆರೆಗಳಿರುವ ಫೋರ್ಕ್‌ಗೆ ಕೂರುತ್ತದೆ. ಹಳೆಯ ಫ್ರೆಂಚ್ ಫೋರ್ಕ್‌ಗಳಿಗೆ 22.0 ಬೇಕು, ಅಲ್ಲಿ ಸುತ್ತಿಗೆ ಎತ್ತಬೇಡಿ. ಕಾಂಡಕ್ಕೆ ತುಂಬಾ ಗ್ರೀಸ್ ಹಚ್ಚಿ. ಇಲ್ಲದಿದ್ದರೆ ಬೆವರು, ಮಳೆನೀರು ಸೇರಿ ಅಲ್ಯೂಮಿನಿಯಂ ಉಕ್ಕಿಗೆ ಕಚ್ಚಿಕೊಂಡು ಆಮೇಲೆ ಗರಗಸವೇ ಗತಿ. ಬಿಚ್ಚುವಾಗ ಮೇಲಿನ ಬೋಲ್ಟನ್ನು ಎರಡು ಮೂರು ಸುತ್ತು ಸಡಿಲಿಸಿ, ಬೋಲ್ಟ್ ತಲೆಯ ಮೇಲೆ ರಬ್ಬರ್ ಸುತ್ತಿಗೆಯಿಂದ ತಟ್ಟಿ: ಒಳಗೆ ಸಿಕ್ಕಿರುವ ತುಂಡು ಕೆಳಗೆ ಬಿದ್ದರೆ ಸ್ಟೆಮ್ ಬಿಡುತ್ತದೆ. ಎತ್ತರಕ್ಕೆಂದು ಕನಿಷ್ಠ ಆಳದ ಗೆರೆ ದಾಟಿ ಮೇಲೆಳೆಯಲೇಬಾರದು.

1ಎಯ ದೊಡ್ಡ ಕೊರತೆ: ಮುಂಭಾಗ ಬಿಚ್ಚಿ ತೆಗೆಯುವಂತಿಲ್ಲ. ಬಾರ್ ಬದಲಿಸಲು ಒಂದು ಕಡೆಯ ಟೇಪ್, ಬ್ರೇಕ್ ಲಿವರ್ ಎರಡೂ ಕಳಚಿ, ಬಾಗಿದ ಕೊಳವೆಯನ್ನು ನಿಧಾನವಾಗಿ ತಿರುಗಿಸುತ್ತಾ ತೂರಿಸಬೇಕು. ಸ್ಕ್ರೂಡ್ರೈವರ್‌ನಿಂದ ಸೀಳನ್ನು ಅಗಲಿಸಿದರೆ ಅಲ್ಲೇ ಬಿರುಕು ಹುಟ್ಟುತ್ತದೆ.

ನೋಟ, ಕೆತ್ತನೆ, ಹಿಡಿತ ಎಲ್ಲದರಲ್ಲೂ ಇದಕ್ಕೆ ಸಾಟಿ ಕಡಿಮೆ; ಹಳೆಯ ಉಕ್ಕಿನ ರೇಸ್ ಸೈಕಲ್‌ಗೆ ಧೈರ್ಯವಾಗಿ ಶಿಫಾರಸು ಮಾಡಬಹುದು. ಆದರೆ ಅಲ್ಯೂಮಿನಿಯಂ ದಣಿಯುವ ಲೋಹ. ಟೇಪ್ ಪೂರ್ತಿ ಬಿಚ್ಚಿಸಿ, ಸ್ಟೆಮ್ ಹಿಡಿಯುವ ಜಾಗದ ಎರಡೂ ಅಂಚು ಮತ್ತು ಲಿವರ್ ಕಟ್ಟುವ ಜಾಗದಲ್ಲಿ ಉಗುರು ಆಡಿಸಿ ನೋಡಿ. ಕೂದಲೆಳೆಯ ಗೆರೆ ಸಿಕ್ಕರೂ ಕೊಳ್ಳಬೇಡಿ. ಬಿದ್ದು ಬಾಗಿದ್ದನ್ನು ನೆಟ್ಟಗೆ ಮಾಡಿದ ಬಾರ್ ಬಿಟ್ಟಿ ಸಿಕ್ಕರೂ ಬೇಡ.