ದಿನಬಳಕೆಯ ಎಂಜಿನ್‌ಗೆ 2618ಕ್ಕಿಂತ 4032 ಪಿಸ್ಟನ್ನೇ ಮೇಲು

ಎರಡು ಲೀಟರಿನ, ನಾಲ್ಕು ಸಿಲಿಂಡರಿನ ನನ್ನ ಪೆಟ್ರೋಲ್ ಎಂಜಿನ್‌ಗೆ ಮೊದಲು 2618 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಫೋರ್ಜ್ಡ್ (ಒತ್ತಡದಲ್ಲಿ ಬಡಿದು ರೂಪಿಸಿದ) ಪಿಸ್ಟನ್‌ಗಳನ್ನೂ, ಆಮೇಲೆ ಅದೇ ಬ್ಲಾಕಿನ ಬೋರನ್ನು (ಪಿಸ್ಟನ್ ಓಡಾಡುವ ಕೊಳವೆಯನ್ನು) 86ರಿಂದ 86.5 ಮಿ.ಮೀ.ಗೆ ರೀಬೋರ್ ಮಾಡಿಸಿ 4032 ಎಂಬ ಇನ್ನೊಂದು ಅಲ್ಯೂಮಿನಿಯಂ ಮಿಶ್ರಲೋಹದ ಫೋರ್ಜ್ಡ್ ಪಿಸ್ಟನ್‌ಗಳನ್ನೂ ಹಾಕಿಸಿ ಓಡಿಸಿದ್ದೇನೆ. ಕ್ಯಾಮ್‌ಶಾಫ್ಟ್, ಕನೆಕ್ಟಿಂಗ್ ರಾಡ್, 11:1 ಕಂಪ್ರೆಷನ್ (ಗಾಳಿ-ಪೆಟ್ರೋಲ್ ಮಿಶ್ರಣವನ್ನು ಹಿಂಡುವ ಪ್ರಮಾಣ) ಎರಡೂ ಸಲ ಒಂದೇ, ಟರ್ಬೊ ಇಲ್ಲ. ಇಂಥ ಕಾರಿಗೆ 4032 ಸಾಲುತ್ತದೆ ಎನ್ನುವುದಕ್ಕಿಂತ ಅದೇ ತಕ್ಕದ್ದು ಎನ್ನಬೇಕು.

ಎಂಜಿನ್ ಬಿಸಿಯಾದ ಮೇಲೆ ಪಿಕಪ್‌ನಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ಶಕ್ತಿ ಹೆಚ್ಚಿದ್ದು ಕ್ಯಾಮ್, ಹೆಡ್ ಮತ್ತು ಕಂಪ್ರೆಷನ್‌ನಿಂದ.

ತೊಂದರೆಯೆಲ್ಲ ತಣ್ಣಗಿನ ಎಂಜಿನ್ನಿನದು. 4032ರಲ್ಲಿ ಸುಮಾರು 12 ಶೇಕಡಾ ಸಿಲಿಕಾನ್ ಇದೆ, 2618ರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಸಿಲಿಕಾನ್ ಕಡಿಮೆಯಾದಷ್ಟೂ ಅಲ್ಯೂಮಿನಿಯಂ ಕಾದಾಗ ಹೆಚ್ಚು ಹಿಗ್ಗುತ್ತದೆ: 86 ಮಿ.ಮೀ. ಅಗಲದ ಪಿಸ್ಟನ್ ನೂರು ಡಿಗ್ರಿ ಬಿಸಿಯೇರಿದರೆ 4032 ಸುಮಾರು 0.17 ಮಿ.ಮೀ., 2618 ಸುಮಾರು 0.19 ಮಿ.ಮೀ. ದೊಡ್ಡದಾಗುತ್ತದೆ. ಕಾದಾಗ ಬೋರಿನಲ್ಲಿ ಕಚ್ಚಿಕೊಳ್ಳಬಾರದೆಂದರೆ 2618ಕ್ಕೆ ಆರಂಭದಲ್ಲಿಯೇ ಹೆಚ್ಚು ಜಾಗ ಬಿಡಬೇಕು. ನನ್ನ ಬ್ಲಾಕಿನಲ್ಲಿ ಬಿಟ್ಟ ಕ್ಲಿಯರೆನ್ಸ್ 2618ಕ್ಕೆ 0.09 ಮಿ.ಮೀ., 4032ಕ್ಕೆ 0.05 ಮಿ.ಮೀ.

ಕೂದಲೆಳೆಗಿಂತ ತೆಳುವಾದ ಈ ಅಂತರವೇ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದ ಕೂಡಲೇ ಟಕಟಕ ಸದ್ದಾಗಿ ಕೇಳುತ್ತಿತ್ತು. ಪಿಸ್ಟನ್ ಮೇಲಿನ ತುದಿ ಮುಟ್ಟಿ ತಿರುಗುವಾಗ ಬೋರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ವಾಲಿ ಗೋಡೆಗೆ ಬಡಿಯುತ್ತದೆ. ಇದರಿಂದ ಎಂಜಿನ್ ಕೂಡಲೇ ಕೆಡುವುದಿಲ್ಲ ಎಂದು ಬಲ್ಲವರೆಲ್ಲ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ನಾಕ್ ಸೆನ್ಸರ್‌ಗೆ, ಅಂದರೆ ಸಿಲಿಂಡರಿನಲ್ಲಿ ಇಂಧನ ತಾನಾಗಿ ಸಿಡಿಯುವ ಸದ್ದನ್ನು (ನಾಕ್) ಆಲಿಸುವ ಸಾಧನಕ್ಕೆ, ಇದು ಗೊತ್ತಿಲ್ಲ. ಈ ಅಳತೆಯ ಬೋರಿನಲ್ಲಿ ನಿಜವಾದ ನಾಕ್ ಸುಮಾರು 6.7 ಕಿಲೋಹರ್ಟ್ಸ್ ಕಂಪನದಲ್ಲಿ ಮೂಡುತ್ತದೆ, ಸೆನ್ಸರ್ ಆಲಿಸುವುದು ಅದನ್ನೇ. ಪಿಸ್ಟನ್ ಬಡಿತವೂ ಕಂಪ್ರೆಷನ್ ಮುಗಿದ ಹೊತ್ತಿನಲ್ಲಿಯೇ, ಅಂದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಿವಿಗೊಟ್ಟು ಕುಳಿತಿರುವ ಸಮಯದಲ್ಲಿಯೇ, ಆಗುವುದರಿಂದ ಅದನ್ನೂ ನಾಕ್ ಎಂದು ಎಣಿಸಿ ಇಸಿಯು ಟೈಮಿಂಗನ್ನು, ಅಂದರೆ ಕಿಡಿ ಹಾರುವ ಕ್ಷಣವನ್ನು, ತಡವಾಗಿಸುತ್ತಿತ್ತು. ಮನೆಯಿಂದ ಹೊರಟು ಮೊದಲ ಏರು ಹತ್ತುವಾಗ ಕಾರು ಮಂಕಾಗಿರುತ್ತಿತ್ತು.

ಸೆನ್ಸರಿನ ಸೂಕ್ಷ್ಮತೆ ತಗ್ಗಿಸೋಣವೆಂದು ಟ್ಯೂನರ್ ಸೂಚಿಸಿದರು. ನಾನು ಒಪ್ಪಲಿಲ್ಲ. 11:1 ಕಂಪ್ರೆಷನ್ ಇಟ್ಟುಕೊಂಡು, ಎಲ್ಲೋ ಒಮ್ಮೆ ಕಡಿಮೆ ಗುಣಮಟ್ಟದ ಪೆಟ್ರೋಲ್ ಬಿದ್ದಾಗ ಎಂಜಿನ್ನನ್ನು ಕಾಯಬೇಕಾದ ಕಾವಲುಗಾರನ ಕಿವಿಯನ್ನು ಕಟ್ಟುವುದು ಬಾಳಿಕೆಗಾಗಿ ಎಂಜಿನ್ ಕಟ್ಟಿಸಿದವನು ಮಾಡುವ ಕೆಲಸವಲ್ಲ. 4032 ಹಾಕಿದ ಮೇಲೆ ಸದ್ದು ಒಂದೆರಡು ನಿಮಿಷದಲ್ಲಿ ಅಡಗುತ್ತದೆ, ಟೈಮಿಂಗ್ ಅಲುಗುವುದಿಲ್ಲ.

ನಡುನಡುವೆ ಸೇರಿಸಬೇಕಾದ ಆಯಿಲ್‌ನ ಪ್ರಮಾಣವೂ ಕಡಿಮೆಯಾಯಿತು. 4032 ಗಡುಸಾದ ಲೋಹವಾದ್ದರಿಂದ ರಿಂಗ್ ಕೂರುವ ತೋಡಿನ ಸವೆತವೂ ನಿಧಾನ.

2618ರ ಪರವಾಗಿ ಹೇಳಬೇಕಾದ ಮಾತೊಂದಿದೆ, ಅದು ಸಣ್ಣದಲ್ಲ. ಅದು ಹೆಚ್ಚು ಬಾಗುವ ಗುಣದ ಲೋಹ. ಜೋರು ಡಿಟೊನೇಷನ್ (ನಾಕ್) ಆದಾಗ 4032 ಬಿರುಕು ಬಿಡಬಹುದಾದಲ್ಲಿ 2618 ತಗ್ಗುಬಿದ್ದಾದರೂ ತಡೆದುಕೊಳ್ಳುತ್ತದೆ. ಭಾರಿ ಟರ್ಬೊ ಬೂಸ್ಟ್, ನೈಟ್ರಸ್ ಅನಿಲ ಅಥವಾ ರೇಸ್ ಟ್ರ್ಯಾಕ್ ಎನ್ನುವವರು ಅದನ್ನೇ ಹಾಕಿಸಲಿ. ಅವರು ಎಂಜಿನ್ ಕಾಯಿಸಿಯೇ ಹೊರಡುತ್ತಾರೆ, ಬೇಗ ಬೇಗ ಬಿಚ್ಚಿಯೂ ನೋಡುತ್ತಾರೆ.

ನನ್ನ ಓಡಾಟ ಹೆಚ್ಚಾಗಿ ಚಿಕ್ಕದು, ಎಂಜಿನ್ ಪೂರ್ತಿ ಕಾಯುವ ಮೊದಲೇ ನಿಲ್ಲಿಸುವಂಥದ್ದು. ಎರಡು ಸೆಟ್ಟುಗಳ ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ. ಉಳಿದ ಅಲ್ಪ ಹಣಕ್ಕೆ ಕೈಯಿಂದ ಸೇರಿಸಿ ಟಾರ್ಕ್ ಪ್ಲೇಟ್ (ಹೆಡ್‌ನ ಬದಲು ಬಿಗಿಯುವ ದಪ್ಪ ಫಲಕ) ಬಿಗಿದು ಹೋನಿಂಗ್ (ಬೋರಿನ ಗೋಡೆಯನ್ನು ಉಜ್ಜಿ ಅಳತೆಗೆ ತರುವ ಕೆಲಸ) ಮಾಡಿಸಿದೆ. ಹೆಡ್ ಬೋಲ್ಟ್ ಬಿಗಿದಾಗ ಬೋರ್ ಕೊಂಚ ಸೊಟ್ಟಗಾಗುವುದರಿಂದ, ಅದೇ ಬಿಗಿತದಲ್ಲಿ ಹೋನ್ ಮಾಡಿದರೆ ಮಾತ್ರ ಓಡುವಾಗ ಅದು ದುಂಡಗಿರುತ್ತದೆ. ಇದಿಲ್ಲದೆ 0.05 ಮಿ.ಮೀ. ಕ್ಲಿಯರೆನ್ಸ್ ಬಿಡಲು ನನ್ನ ಮೆಷಿನಿಸ್ಟ್ ಸಿದ್ಧರಿರಲಿಲ್ಲ.