ನಳಾ ಬಂದಾವ ಅಂತ ಎಬ್ಬಸೋ 280 ರೂಪಾಯಿ ಡಬ್ಬಿ: ಎರಡೂವರಿ ವರ್ಷ ಬಳಸಿದ ಮ್ಯಾಲ ಬರದದ್ದು

ಮೊದಲ ಒಂದ್ ಮಾತು ಹೇಳಿಬಿಡ್ತೀನಿ, ಈ ಸಾಮಾನು ಕಂಪನಿಯವರು ಯಾತಕ್ಕ ಮಾಡ್ಯಾರೋ ಅದರ ಪೂರಾ ಉಲ್ಟಾ ಕೆಲಸಕ್ಕ ನಾನು ಇಟಗೊಂಡೀನಿ. ವಾಟರ್ ಟ್ಯಾಂಕ್ ಅಲಾರ್ಮ್ ಅಂತಾರಲ್ಲ, ಅದು. ಮಾಳಗಿ ಮ್ಯಾಲಿನ ಟಾಕ್ಯಾಗ ವೈರ್ ಇಳಿಬಿಡೂದು, ತುದಿಗೆ ನೀರು ತಾಕಿದ ಕೂಡ್ಲೆ ಒಳಗ ಪ್ಲಗ್ಗಿಗೆ ಸಿಗಿಸಿದ ಡಬ್ಬಿ ಮಾತಾಡ್ತದ, ನೀವು ಹೋಗಿ ಮೋಟರ್ ಬಂದ್ ಮಾಡೂದು. ಎಲ್ಲಾರೂ ನೋಡಿರ್ತೀರಿ, ಅದನ್ನೆಲ್ಲಾ ಮತ್ತ ಹೇಳೂದಿಲ್ಲ. ನಾನು ಆ ವೈರನ್ನ ಟಾಕ್ಯಾಗ ಒಂದ್ ದಿನಾನೂ ಬಿಟ್ಟಿಲ್ಲ, ಮನಿ ಮುಂದಿನ ನಳದ ತೆಗ್ಗಿನ್ಯಾಗ ಬಿಟ್ಟೀನಿ. ಟಾಕಿ ತುಂಬಿ ಚೆಲ್ಲೂವಷ್ಟು ನೀರು ನಮ್ಮ ಓಣಿಗೆ ಯಾವಾಗ ಬಂದಾವ್ರಿ.

ನಮ್ಮದು ವಿಜಯಪುರದ ಹಳೇ ಭಾಗ. ನಳಾ ಬರೂದು ಎಂಟು ದಿನಕ್ಕ ಒಮ್ಮೆ, ಒಮ್ಮೊಮ್ಮೆ ಆರಕ್ಕ, ಒಮ್ಮೊಮ್ಮೆ ಹತ್ತಕ್ಕ. ದಿನಾ ಹೆಂಗರ ಲೆಕ್ಕಾ ಹಾಕಬಹುದು, ಆದ್ರ ಟೈಮಿಂದು ದೇವರಿಗೂ ಗೊತ್ತಿಲ್ಲ. ರಾತ್ರಿ ಒಂದಕ್ಕೂ ಬರಬಹುದು, ನಸುಕಿನ್ಯಾಗ ನಾಕಕ್ಕೂ ಬರಬಹುದು. ಮೊದಲೆಲ್ಲಾ ಏನ್ ಮಾಡ್ತಿದ್ವಿ ಅಂದ್ರ ನಳಾ ಪೂರಾ ಬಿಟ್ಟು ಅದರ ಕೆಳಗ ಒಂದು ಸ್ಟೀಲ್ ತಾಟು ಡಬ್ಬ ಹಾಕಿ ಮಲಗೂದು. ನೀರು ಬಿದ್ದರ ತಾಟಿನ ಮ್ಯಾಲ ಢಣಢಣ ಅಂತಿತ್ತು, ಅವ್ವಗ ಎಚ್ಚರ ಆಗ್ತಿತ್ತು. ಚಳಿಗಾಲದಾಗ ಛಲೋ ನಡೀತು. ಬ್ಯಾಸಗ್ಯಾಗ ಕೂಲರ್ ಹಚ್ಚಿದ್ವಿ ಅಂದ್ರ ತಾಟಲ್ಲ, ಮನಿ ಮುಂದ ಬ್ಯಾಂಡ್ ಬಾರಿಸಿದ್ರೂ ಕೇಳಸ್ತಿರಲಿಲ್ಲ. ಒಂದ್ ಸಲ ಏಪ್ರಿಲ್‌ದಾಗ ಹಿಂಗss ಮಲಗಿಬಿಟ್ವಿ, ಎದ್ದು ನೋಡಿದ್ರ ತಾಟು ತೊಯ್ದದ, ನಳಾ ಹೋಗ್ಯಾವ. ಮತ್ತ ಎಂಟು ದಿನ ಟ್ಯಾಂಕರ್ ನೀರು. ಆ ಟ್ಯಾಂಕರ್ ರೊಕ್ಕಾ ಕೊಟ್ಟ ದಿನಾನೇ ಗಾಂಧಿ ಚೌಕದ ಕಡೆ ಹೋಗಿ ಈ ಡಬ್ಬಿ ತಂದೆ. 280 ರೂಪಾಯಿ, ಮ್ಯಾಲ ಉದ್ದನ್ನ ವೈರಿಗೆ 150.

ಹಚ್ಚೂ ರೀತಿ ಹೇಳ್ತೀನಿ, ಇದು ಯಾವ ಕಾಗದದಾಗೂ ಬರದಿರೂದಿಲ್ಲ. ನಮ್ಮ ಕಡೆ ನಳಾ ನೆಲದ ಮ್ಯಾಲ ಇರೂದಿಲ್ಲ, ಪ್ರೆಶರ್ ಇಲ್ಲ ಅಂತ ಎರಡು ಮೂರು ಫೂಟ್ ತೆಗ್ಗು ತೋಡಿ ಅದರೊಳಗ ಇರ್ತಾವ, ಮ್ಯಾಲ ಪರಸಿ ಮುಚ್ಚಿರ್ತಾರ. ನಳದ ಬಾಯಿಗೆ ಒಂದು ಹಳೇ ಪ್ಲಾಸ್ಟಿಕ್ ಚಹಾ ಕಪ್ ತಂತಿಲೇ ಕಟ್ಟೀನಿ. ಕಪ್ಪಿನ ತಳಕ್ಕ ದಬ್ಬಣ ಕಾಸಿ ಒಂದss ಒಂದು ತೂತು. ವೈರಿನ ಎರಡೂ ತುದಿ ಕಪ್ಪಿನ ನಡು ಎತ್ತರಕ್ಕ. ನೀರು ಬಂದ್ರ ತೂತಿನಿಂದ ಹೋಗೂದಕ್ಕಿಂತ ಜೋರ ಬರ್ತದ, ಕಪ್ ತುಂಬ್ತದ, ಡಬ್ಬಿ ಒದರ್ತದ. ನಳಾ ಹೋದ ಮ್ಯಾಲ ತೂತಿನಿಂದ ಸೋರಿ ತಾನss ಖಾಲಿ ಆಗ್ತದ. ತೂತು ಹಾಕಲಿಲ್ಲ ಅಂದ್ರ ಹನಿಹನಿ ನೀರಿಗೂ ಕಪ್ ತುಂಬಿ ರಾತ್ರಿಪೂರಾ ಒದರ್ತದ, ಅದು ನಾನು ಮೊದಲ ರಾತ್ರಿನೇ ಕಲತೀನಿ.

ಇನ್ನ ಅದರ ಧ್ವನಿ. ಹೆಣ್ಣಮಗಳ ಧ್ವನಿ, ಭಾಳ ನಾಜೂಕ. ಭಾಷಾ ಬದಲಿ ಮಾಡಾಕ ಒಂದು ಬಟನ್ ಅದ, ಇಂಗ್ಲಿಷು, ಹಿಂದಿ, ಕನ್ನಡ ಎಲ್ಲಾ ಬರ್ತಾವ. ಕನ್ನಡಕ್ಕ ಇಟ್ಟೀವಿ. ರಾತ್ರಿ ಎರಡೂವರಿಗೆ, ಟಾಕಿ ತಳಾ ಕಂಡು ಎರಡು ದಿನ ಆಗಿರ್ತದ, ಆಗ ಆಕಿ ಬೆಂಗಳೂರು ಕನ್ನಡದಾಗ ಶುರು ಮಾಡ್ತಾಳ, "ನೀರಿನ ಟ್ಯಾಂಕ್ ತುಂಬಿದೆ, ದಯವಿಟ್ಟು ಮೋಟಾರ್ ಆಫ್ ಮಾಡಿ". ಮೊದಲನೇ ಸಲ ಅವ್ವ ಎದ್ದು ಕುಂತು "ಎಲ್ಲಿ ತುಂಬ್ಯಾವss ಯವ್ವಾ, ಈಗರ ಬಂದಾವ" ಅಂದ್ಲು. ಈಗೀಗ ಆಕಿ ಜೊತಿ ಮಾತಾಡ್ಕೋತss ಏಳ್ತಾಳ. "ಹೂಂ ಬಂದೆ, ನಿಂದರು, ಚಪ್ಪಲ್ ಹಾಕ್ಕೋತೀನಿ" ಅಂತ. ಓಣಿ ಹುಡುಗರು ಹೆಸರು ಇಟ್ಟಾರ, ಮೋಟರ್ ಅಕ್ಕ.

ಅಲ್ಲಿಂದ ಮುಂದಿನದು ಒಂದು ಕ್ರಮ. ನಾನು ಪರಸಿ ಸರಸೂದು, ನಳಾ ಮೊದಲ ಸುಸ್ ಅಂತ ಗಾಳಿ ಬಿಡ್ತದ, ಕೆಮ್ಮತದ, ಆಮ್ಯಾಲ ಕೆಂಪನ್ನ ನೀರು ಉಗುಳ್ತದ. ಅದು ಹೋಗೂತನಕ ಅಂಗಳ ತೊಳಿಯೂದು, ಗಿಡಕ್ಕ ಹಾಕೂದು. ಆಮ್ಯಾಲ ಅವ್ವನ ತಾಮ್ರದ ಕೊಡ, ಕುಡಿಯೂದಕ್ಕ, ಅದಕ್ಕ ಅರಬಿ ಕಟ್ಟಿ ಸೋಸಿ. ಆ ಕೊಡ ಒಳಗ ಹೋಗೂತನಕ ಪೈಪಿಗೆ ಯಾರೂ ಕೈ ಹಚ್ಚಂಗಿಲ್ಲ. ಆಮ್ಯಾಲ ಸಂಪು, ಆಮ್ಯಾಲ ಎರಡು ನೀಲಿ ಡ್ರಮ್ಮು, ಕಡೀಕ ಚರಗಿ ತಂಬಗಿ ಸುದ್ದಾ. ನಡುವ ನಮ್ಮಾಕಿ ಚಹಾ ಮಾಡ್ತಾಳ. ರಾತ್ರಿ ಮೂರಕ್ಕ ಅಂಗಳದಾಗ ಕುಂತು ಸಂಪಿನೊಳಗ ನೀರು ಬೀಳೂ ಸಪ್ಪಳ ಕೇಳ್ಕೋತ ಕುಡ್ಯೂ ಚಹಾ ಅದಲ್ರೀ, ಅದರ ರುಚಿ ಹಗಲಿ ಬರೂದಿಲ್ಲ.

ಒಂದ್ ಲೆಕ್ಕಾ ಹೇಳ್ತೀನಿ. ಪೈಪ್ ನೀರು, ಒಳಚರಂಡಿ ಇರೋ ಶಹರದಾಗ ಮನಷಾಗ ದಿನಕ್ಕ 135 ಲೀಟರ್ ಸಿಗಬೇಕು ಅಂತ ಕೇಂದ್ರ ಸರ್ಕಾರದ ಮಾನದಂಡ ಅದ. ನಮ್ಮನ್ಯಾಗ ಐದು ಮಂದಿ, ದಿನಕ್ಕ 675, ಎಂಟು ದಿನಕ್ಕ 5,400. ನಮ್ಮ ಸಂಪು 2,000, ಟಾಕಿ 1,000, ಡ್ರಮ್ ಎರಡೂ ಸೇರಿ 400. ಎಲ್ಲಾ ಕಂಠಮಟಾ ತುಂಬಿದ್ರೂ 3,400, ಅಂದ್ರ ತಲಾ 85 ಲೀಟರ್. ಹಂಗಾಗಿ ಬಂದಾಗ ತುಂಬಲಿಲ್ಲ ಅಂದ್ರ ನಡಿಯೂದss ಇಲ್ಲ. ಅತ್ಲಾಗ ಕೃಷ್ಣಾ ನದಿ ತುಂಬೇ ಇರ್ತದ, ಆಲಮಟ್ಟಿ ಹಿನ್ನೀರು ಕೊಲ್ಹಾರದಾಗ ಸಮುದ್ರ ಕಂಡಂಗ ಕಾಣ್ತದ, ನಮಗ ಅಲ್ಲಿಂದನೇ ಪಂಪ್ ಮಾಡಿ ತರ್ತಾರ. ನೀರಿಲ್ಲ ಅಂತಲ್ಲ, ನೀರು ನಮ್ಮ ತೆಗ್ಗಿನತನಕ ಬರೂ ದಾರ್ಯಾಗ ಏನೇನೋ ಆಗ್ತದ.

ನಗು ಬರೂದು ಏನಂದ್ರ, ಇದss ಊರಾಗ ಆದಿಲಶಾಹಿಯವರು ತೊರವಿ ಕಡಿಂದ, ಆಮ್ಯಾಲ 1651ರಾಗ ಕಟ್ಟಿದ ಬೇಗಂ ತಲಾಬದಿಂದ ಮಣ್ಣಿನ ಕೊಳಿವಿ ಹಾಕಿ ಕೋಟ್ಯಾಗ ನೀರು ತಂದಿದ್ರು. ಪ್ರೆಶರ್ ಜಾಸ್ತಿ ಆಗಿ ಕೊಳಿವಿ ಒಡೀತಾವ ಅಂತ ನಡುನಡುವ ಗಂಜ್ ಅಂತ ಕಲ್ಲಿನ ಗೋಪುರ ಕಟ್ಟಿದ್ರು, ನೀರು ಅದರಾಗ ಏರಿ, ರಾಡಿ ಕೆಳಗ ಕುಂತು, ಪ್ರೆಶರ್ ಇಳದು ಮುಂದ ಹೋಗ್ತಿತ್ತು. ಈಗೂ ಅಲ್ಲಲ್ಲಿ ನಿಂತಾವ, ದಿನಾ ಬಾಜೂಕ ಗಾಡಿ ನಿಲ್ಲಿಸಿ ಹೋಗ್ತೀವಿ. ಅವರು ಪ್ರೆಶರ್ ಜಾಸ್ತಿ ಆತು ಅಂತ ಮ್ಯಾಲಕ್ಕ ಕಟ್ಟಿದ್ರು, ನಾವು ಪ್ರೆಶರ್ ಇಲ್ಲ ಅಂತ ಕೆಳಕ್ಕ ತೋಡಾಕತ್ತೀವಿ.

ಇರ್ಲಿ, ಡಬ್ಬಿ ವಿಷಯಕ್ಕ ಬರ್ತೀನಿ. ಮೊದಲ ಆರು ತಿಂಗಳು ಇದಕ್ಕ ನಾನು ಹತ್ತಕ್ಕ ಹತ್ತು ಕೊಡ್ತಿದ್ದೆ. ನಿದ್ದಿ ಬರಾಕತ್ತಿತು, ಅವ್ವನ ಕಾಲು ನೋವು ಕಡಿಮಿ ಆತು, ಅಷ್ಟ ಸಾಕಿತ್ತು. ಆಮ್ಯಾಲ ಬಾಜೂ ಮನಿ ಚಾಚಾ ಕೇಳಿದ್ರು, "ಅದರ ಆವಾಜ್ ಸ್ವಲ್ಪ ಕಿಟಕಿ ಕಡೆ ಮಾಡ್ರಿ ಭಾಯಿ, ನಮಗೂ ಎಚ್ಚರ ಆಗ್ತದ". ಮಾಡಿದೆ. ಎದುರ ಮನಿ ವೈನಿ ಕೇಳಿದ್ರು, ಅವರಿಗೂ ಕೇಳೂವಂಗ ಕಿಟಕಿ ತಗದಿಟ್ಟೆ. ಒಂದೆರಡು ತಿಂಗಳನ್ಯಾಗ ಮೋಟರ್ ಅಕ್ಕ ಬಾಯಿ ತಗದ್ಲು ಅಂದ್ರ ಹದಿನಾಕು ಮನಿ ಲೈಟ್ ಹತ್ತಾಕತ್ತಿದ್ವು. ಖುಷಿ ಆತು ಖರೆ, ಆದ್ರ ಹದಿನಾಕೂ ಮನ್ಯಾಗ ನಳಕ್ಕ ಮೋಟರ್ ಹಚ್ಚಿದ್ರು. ಮೊದಲ ನಮ್ಮ ಸಂಪು ಐವತ್ತು ನಿಮಿಷದಾಗ ತುಂಬ್ತಿತ್ತು, ಯಾಕಂದ್ರ ಎದ್ದವರು ನಾವು ಮೂರ್ನಾಕು ಮನಿ ಅಷ್ಟ. ಈಗ ಒಂದೂವರಿ ತಾಸು ಆದ್ರೂ ಅರ್ಧಾನೇ. ನಮ್ಮಾಕಿ ಒಂದ್ ರಾತ್ರಿ ಅಂದ್ಲು, "ಊರ ಮಂದೀನ ಎಬ್ಬಿಸಿ ನೀವು ಕುಂದರ್ರಿ, ನಾಳೆ ಅರಬಿ ಯಾವ ನೀರಾಗ ತೊಳೀಲಿ ಹೇಳ್ರಿ".

ಹೇಳಾಕ ನಾಚಿಕಿ ಆಗ್ತದ, ಆದ್ರ ವಿಮರ್ಶೆ ಅಂದ ಮ್ಯಾಲ ಖರೇ ಬರೀಬೇಕು. ಒಂದ್ ತಿಂಗಳು ನಾನು ಡಬ್ಬಿ ಒಳಗಿನ ಖೋಲಿಗೆ ಒಯ್ದು ಟಾವೆಲ್ ಸುತ್ತಿ ಇಟ್ಟೆ. ನಾಕನೇ ಸರತಿಗೆ ಚಾಚಾ ಬಾಗಿಲದಾಗ ನಿಂತು ನಕ್ಕೋತ ಕೇಳಿದ್ರು, "ಏನ್ರೀ, ಅಕ್ಕಗ ಗಂಟಲ ಕೆಟ್ಟದೇನು?" ಅವರ ಮನ್ಯಾಗ ಆ ವಾರ ಬೀಗರು ಬಂದಿದ್ರು, ಸಂಪು ಖಾಲಿ. ಅವತ್ತss ಟಾವೆಲ್ ತಗದೆ.

ಆಮ್ಯಾಲ ಓಣಿಯವರು ಕಟ್ಟಿ ಮ್ಯಾಲ ಕುಂತು ಮಾತಾಡಿದ್ವಿ. ಮೊದಲ ಅರ್ಧಾ ತಾಸು ಯಾರೂ ಮೋಟರ್ ಹಚ್ಚಬಾರದು, ಕಡೀ ಮನಿಯವರು ಕೊಡಾ ತುಂಬಕೊಳ್ಳಲಿ ಅಂತ. ನಳದ ಲೈನಿಗೆ ಸೀದಾ ಮೋಟರ್ ಹಚ್ಚೂದು ನಿಯಮದಾಗೂ ಇಲ್ಲ. ನಿಯಮ ಬಿಡ್ರಿ, ಇನ್ನೊಂದು ಕಾರಣ ಅದ. ಲೈನು ಎಂಟು ದಿನ ಖಾಲಿ ಇರ್ತದ, ಮೋಟರ್ ಜಗ್ಗಿತು ಅಂದ್ರ ಪೈಪ್ ಎಲ್ಲಿ ಸೀಳಿರ್ತದೋ ಅಲ್ಲಿಂದ ಹೊರಗಿನ ರಾಡಿ, ಗಟಾರ ನೀರು ಸುದ್ದಾ ಒಳಗ ಎಳಕೋತದ. ತೆಗ್ಗಿನ್ಯಾಗ ನಿಂತ ನೀರೂ ಅಷ್ಟ. ಹಂಗಾಗಿ ಮೊದಲ ಬಂದ ನೀರು ಕುಡ್ಯಾಕ ಹಿಡೀಬ್ಯಾಡ್ರಿ, ಎಷ್ಟ ಅವಸರ ಇದ್ರೂ. ಓಣ್ಯಾಗ ಈ ಮಾತು ಅರ್ಧ ಮಂದಿ ಪಾಲಸ್ತಾರ, ಅರ್ಧ ಮಂದಿ ಮೋಟರಿಗೆ ಗೋಣಿಚೀಲ ಮುಚ್ಚಿ ಸಪ್ಪಳ ಬರದಂಗ ಹಚ್ಚತಾರ. ಟಾವೆಲ್ ಸುತ್ತಿದಾಂವ ನಾನು, ಯಾರಿಗೆ ಏನ್ ಅನ್ನಲಿ.

ಈ ಡಬ್ಬಿಯಿಂದ ನಾನು ಎಣಿಸದss ಇದ್ದ ಉಪಯೋಗ ಒಂದಾತು. ಒದರಿದಾಗೊಮ್ಮೆ ಅವ್ವ ಹಾಲಿನ ಲೆಕ್ಕಾ ಬರದಂಗ ಗ್ವಾಡಿ ಕ್ಯಾಲೆಂಡರ್ ಮ್ಯಾಲ ಟೈಮ್ ಬರಸ್ತಿದ್ಲು. ನಳಾ ಬಂದದ್ದು ಇಷ್ಟಕ್ಕ, ಹೋಗಿದ್ದು ಇಷ್ಟಕ್ಕ. ನೀರು ಬಿಡೂ ಆಫೀಸಿಗೆ ಓಣಿಯವರು ಅರ್ಜಿ ಒಯ್ದಾಗ (ಯಾವ ಆಫೀಸು, ಯಾವ ಸಾಹೇಬ್ರು ಅಂತ ಹೆಸರು ಬ್ಯಾಡ, ಊರಾಗ ನಾಳೆ ಮಾರಿ ನೋಡಬೇಕು) ಅಲ್ಲಿ ಅಂದ್ರು, ನಿಮ್ಮ ಏರಿಯಾಕ್ಕ ಟೈಮ್ ಪ್ರಕಾರ ಬಿಡಾಕತ್ತೀವಲ್ರೀ. ಮೊದಲಿನ ಎರಡು ಅರ್ಜಿ ಈ ಮಾತಿಗೇ ಮುಗದಿದ್ದವು. ಮೂರನೇ ಸಲ ನಾನು ಕ್ಯಾಲೆಂಡರನ್ನss ಸುರುಳಿ ಸುತ್ತಿ ಒಯ್ದಿದ್ದೆ. ಏಳು ತಿಂಗಳ ಹಾಳಿ, ಮ್ಯಾಲ ಹಾಲಿನ ಲೆಕ್ಕಾ, ಕೆಳಗ ನೀರಿಂದು, ಒಂದ್ ಕಡೆ ಅವ್ವ ಸಿಟ್ಟಿಗೆದ್ದು "ಬರೇ ಗಾಳಿ" ಅಂತ ಬರಸಿದ್ದೂ ಇತ್ತು. ಟೇಬಲ್ ಮ್ಯಾಲ ಬಿಚ್ಚಿಟ್ವಿ. ಯಾರೂ ಮಾತಾಡಲಿಲ್ಲ. ಅಂದು ಮೊದಲನೇ ಸಲ ಅರ್ಜಿಗೆ ಸಿಕ್ಕಾ ಹೊಡದು ನಂಬರ್ ಹಾಕಿ ಕೊಟ್ರು.

ಭಾರಿ ಬದಲಾವಣಿ ಏನ್ ಆಗಿಲ್ಲ. ಎಂಟು ದಿನ ಎಂಟss ಅದಾವ. ಆದ್ರ ಹಿಂದಿನ ದಿನಾ ಸಂಜಿಗೆ ಏರಿಯಾ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬರಾಕತ್ತೈತಿ, ಇವತ್ತ ರಾತ್ರಿ ಇಷ್ಟರಿಂದ ಇಷ್ಟು ಅಂತ. ಹಾಕೂದು ವಾಲ್ ತಿರುವೂ ಮಾಮಾ. ಅವರು ಒಂದ್ ಮುಂಜಾನೆ ಸೈಕಲ್ ಮ್ಯಾಲ ಬಂದು "ಎಲ್ಲಿ ಅದು, ನನ್ನ ಹಾಜರಿ ಹಾಕೂ ಡಬ್ಬಿ" ಅಂತ ಕೇಳಿ ನೋಡಿ ಹೋದ್ರು. ಚಹಾ ಕುಡಿಯೂ ಹೊತ್ತಿಗೆ ಅವರ ಕಥಿ ಹೇಳಿದ್ರು. ಮ್ಯಾಲಿನ ದೊಡ್ಡ ಟಾಕಿ ತುಂಬಿದ್ರ ವಾಲ್ ತಿರುವೂದು, ಅತ್ಲಾಗ ಪಂಪಿಗೆ ಕರೆಂಟ್ ಹೋತು ಅಂದ್ರ ಟಾಕಿ ತುಂಬೂದು ಎರಡು ತಾಸು ಹಿಂದ ಬೀಳ್ತದ, ಒಂದ್ ಓಣಿ ಹಿಂದ ಬಿದ್ರ ಆ ರಾತ್ರಿ ಎಲ್ಲಾ ಓಣಿ ಹಿಂದ. ಬೈಯೂದು ಮಾತ್ರ ವಾಲ್ ಕೀಲಿ ಹಿಡದಾವಗ. ಹೋಗೂ ಮುಂದ "ನಮ್ಮನ್ಯಾಗೂ ಒಂದು ಹಚ್ಚಬೇಕ್ರಿ, ನಮ್ಮ ಕಡೆ ಹನ್ನೊಂದು ದಿನಕ್ಕ" ಅಂದ್ರು. ನಮ್ಮಾಕಿ ಚಹಾ ಕಪ್ ಹಿಡಕೊಂಡು ಹಂಗss ನಿಂತ್ಲು.

ಡಬ್ಬಿ ದೋಷ ಹೇಳಲಿಲ್ಲ ಅಂದ್ರ ತಪ್ಪಾಗ್ತದ. ಒಂದು, ಕರೆಂಟ್ ಇಲ್ಲಂದ್ರ ಮೂಕಿ. ಎರಡು ಸಲ ಹಂಗss ನಳಾ ತಪ್ಪ್ಯಾವ. ಸೆಲ್ ಹಾಕೂದು ಬ್ಯಾರೆ ಮಾಡೆಲ್ ಸಿಗ್ತದ ಅಂತಾರ, ಅದನ್ನss ತಗೋರಿ. ಎರಡು, ಮಳಿಗಾಲ. ತೆಗ್ಗಿನ್ಯಾಗ ಮಳಿ ನೀರು ಇಳದು ಕಪ್ಪಿನ ಎತ್ತರಕ್ಕ ಬಂತೋ, ಅಕ್ಕ ಶುರು. ಹೋದ ವರ್ಷ ಒಂದ್ ರಾತ್ರಿ ಹದಿನಾಕು ಮನಿಯವರು ಕೊಡಾ ಹಿಡಕೊಂಡು ಮಳ್ಯಾಗ ನಿಂತಿದ್ವಿ, ಚಾಚಾ ಛತ್ರಿ ಮಡಚಿ ನನ್ನ ಮಾರಿ ನೋಡಿದ್ದು ಇನ್ನೂ ನೆನಪದ. ಮೂರನೇದು ವೈರಿನ ತುದಿ. ಒಂದ್ ಬದಿ ತಾಮ್ರ ಹಸರ ಆಗಿ ಸವದು ಹೋಗ್ತದ, ಇನ್ನೊಂದಕ್ಕ ಬಿಳೇ ಸುಣ್ಣ ಕಟ್ಟತದ. ನೀರಾಗ ಸಣ್ಣ ಕರೆಂಟ್ ಹರಿತದ ಅಲ್ರೀ, ಅದಕ್ಕ. ನಾನು ಎರಡೂ ತುದಿಗೆ ಸ್ಟೀಲ್ ಸ್ಕ್ರೂ ಹಾಕೀನಿ, ಐತವಾರಕ್ಕೊಮ್ಮೆ ಅವ್ವ ತಾಮ್ರದ ಕೊಡ ತಿಕ್ಕೂ ಮುಂದ ಅದss ಹುಣಸಿಹಣ್ಣಿಲೆ ಇವನ್ನೂ ತಿಕ್ಕತಾಳ.

ತಗೋಬೇಕಾ ಬ್ಯಾಡಾ ಅಂದ್ರ, ನಿಮ್ಮ ಓಣಿಗೆ ದಿನಾ ನೀರು ಬರ್ತಿದ್ರ ಬ್ಯಾಡ, ಪುಣ್ಯಾವಂತರು ನೀವು, ಇದನ್ನ ಓದಿದ್ದss ಸಾಕು. ನಮ್ಮಂಥವರು ತಗೋರಿ, ಒಂದ್ ಟ್ಯಾಂಕರ್ ಉಳಿದ್ರ ರೊಕ್ಕಾ ಬಂದಂಗ. ಮೊದಲ ಹತ್ತಕ್ಕ ಹತ್ತು ಅಂದಿದ್ದೆ, ಈಗ ಏಳು. ಕಡಿದ ಮೂರೂ ಡಬ್ಬಿಂದಲ್ಲ, ಒಂದು ಕರೆಂಟಿಂದು, ಒಂದು ಮಳಿಂದು, ಒಂದು ನನ್ನ ಟಾವೆಲ್ಲಿಂದು.

ಈಗ ಗ್ರೂಪಿಗೆ ಮೆಸೇಜ್ ಬಂತು, ರಾತ್ರಿ ಎರಡರಿಂದ ನಾಕು ಅಂತ. ಅವ್ವ ಆಗಳೇ ಕಪ್ ತೊಳದು ಕೊಟ್ಟಾಳ. ಅತ್ಲಾಗ ಮೋಡ ಬ್ಯಾರೆ ಕಟ್ಟ್ಯಾವ, ಪರಸಿ ಮ್ಯಾಲ ತಾಡಪಾಲ ಹಾಕಿ ಬರ್ತೀನಿ.