ಹಳೆ ಅಕ್ಕಿಗೆ ಎಲ್ಲಿಗೆ ಹೋಗಬೇಕು: ಯಾರ್ಡಿಗೋ, ಆ್ಯಪ್‌ಗೋ, ಸಿಂಧನೂರಿಗೋ?

ನನ್ನ ಓಟು ಯಶವಂತಪುರ ಎಪಿಎಂಸಿ ಯಾರ್ಡಿನ ಅಕ್ಕಿ ಮಂಡಿಗೆ. ನಾವಿರುವುದು ನಂದಿನಿ ಬಡಾವಣೆಯಲ್ಲಿ, ಮನೆಯಲ್ಲಿ ಐದು ಜನ, ಎರಡು ಹೊತ್ತೂ ಅನ್ನ. ಯಾರ್ಡಿನ ಪಕ್ಕದಲ್ಲಿದ್ದುಕೊಂಡು ಯಾರ್ಡನ್ನು ಹೊಗಳುವುದು ಸುಲಭ ಎನ್ನುವವರು ಅನ್ನಲಿ. ಈ ಎರಡು ಮೂರು ವರ್ಷಗಳಲ್ಲಿ ಮೊಬೈಲ್ ಆ್ಯಪ್‌ನಿಂದಲೂ ತರಿಸಿದ್ದೇನೆ, ನೆಂಟರ ಮೂಲಕ ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರಿನ ರೈತರೊಬ್ಬರಿಂದ ನೇರವಾಗಿಯೂ ತರಿಸಿದ್ದೇನೆ. ಮೂರನ್ನೂ ಉಂಡು ನೋಡಿಯೇ ಹೇಳುತ್ತಿದ್ದೇನೆ.

ಆ್ಯಪ್‌ನ ಅನುಕೂಲವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕುಕ್ಕರ್ ತೊಳೆದಿಡುವುದರೊಳಗೆ ಅಕ್ಕಿ ಬಾಗಿಲಿಗೆ ಬರುತ್ತದೆ. ನನಗೆ ಬಂದದ್ದು ಹತ್ತು ಕಿಲೋ ಪೊಟ್ಟಣ, ಮೇಲೆ ದಪ್ಪಕ್ಷರದಲ್ಲಿ ‘ಹಳೆಯ ಸೋನಾ ಮಸೂರಿ’. ತಿಂಗಳು ಜನವರಿ. ಎಂದಿನಂತೆ ಪಾವಿಗೆ ಮೂರರ ಲೆಕ್ಕದಲ್ಲಿ ನೀರಿಟ್ಟು ಕೂಗಿಸಿದೆ. ಮುಚ್ಚಳ ತೆಗೆದರೆ ಗಂಜಿಯೂ ಅಲ್ಲದ, ಪೊಂಗಲೂ ಅಲ್ಲದ ಏನೋ ಒಂದು. ಮರುದಿನ ನೀರು ಇಳಿಸಿದೆ. ಮೇಲೆ ಅಂಟು, ನಡುವೆ ಗಟ್ಟಿ. ಚಿತ್ರಾನ್ನಕ್ಕೆ ಕಲಸಹೋದರೆ ಒಗ್ಗರಣೆಯೆಲ್ಲ ಒಂದು ಕಡೆ, ಅನ್ನದ ಉಂಡೆಗಳು ಇನ್ನೊಂದು ಕಡೆ. ಅದು ಹೊಸ ಅಕ್ಕಿ, ಅನುಮಾನವೇ ಬೇಡ.

ಪೊಟ್ಟಣದ ಹಿಂಬದಿಯಲ್ಲಿ ತಿಂಗಳು, ವರ್ಷ ಎರಡೂ ಇದ್ದವು. ನನ್ನ ಸಿಟ್ಟಿನ ಮೂಲವೇ ಅದು. ಅಲ್ಲಿ ಅಚ್ಚಾಗುವುದು ಪ್ಯಾಕ್ ಮಾಡಿದ ತಿಂಗಳು ಮಾತ್ರ. ಭತ್ತ ಕೊಯ್ದದ್ದು ಯಾವಾಗ, ಎಷ್ಟು ಕಾಲ ಗೋದಾಮಿನಲ್ಲಿತ್ತು, ಮಿಲ್ಲಿಗೆ ಹಾಕಿದ್ದು ಯಾವಾಗ, ಇದಾವುದೂ ಗೊತ್ತಾಗುವುದಿಲ್ಲ. ವರ್ಷ ಕಳೆದ ಅಕ್ಕಿಗೂ ಕಳೆದ ವಾರ ಮಿಲ್ಲಿನಿಂದ ಬಂದ ಅಕ್ಕಿಗೂ ಒಂದೇ ತಾರೀಖು ಬೀಳಬಹುದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಮುಂಗಾರಿನ ಭತ್ತ ಕೊಯ್ಲಿಗೆ ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. ಜನವರಿಯ ಹೊತ್ತಿಗೆ ಹೊಸ ಅಕ್ಕಿ ಬೆಂಗಳೂರಿನ ತುಂಬ ಇರುತ್ತದೆ. ಆ ತಿಂಗಳಲ್ಲಿ ಪೊಟ್ಟಣದ ಮೇಲೆ ‘ಹಳೆಯದು’ ಎಂದು ಬರೆದಿದ್ದರೆ ಅದನ್ನು ನಂಬುವುದಕ್ಕೆ ಆಧಾರವೇನು?

ಗ್ರಾಹಕ ಸೇವೆಯವರು ಬಹಳ ವಿನಯದಿಂದ ಫೋಟೊ ಕಳುಹಿಸಿ ಎಂದರು. ಅಕ್ಕಿಯ ಫೋಟೊ ಕಳುಹಿಸಿದೆ, ಅಕ್ಕಿ ಚೆನ್ನಾಗಿಯೇ ಕಾಣುತ್ತಿದೆಯಲ್ಲ ಎಂದರು. ಅನ್ನದ ಫೋಟೊ ಕಳುಹಿಸಿದೆ, ಬೇಯಿಸಿದ ಪದಾರ್ಥಕ್ಕೆ ಹಣ ಮರಳಿಸುವುದಿಲ್ಲ ಎಂದರು. ಬೇಯಿಸದೆ ಅಕ್ಕಿಯ ಗುಣ ತಿಳಿಯುವುದಿಲ್ಲ, ಬೇಯಿಸಿದರೆ ದೂರು ತೆಗೆದುಕೊಳ್ಳುವುದಿಲ್ಲ. ಉಳಿದ ಎಂಟೊಂಬತ್ತು ಕಿಲೋವನ್ನು ದೋಸೆಗೆ, ಇಡ್ಲಿಗೆ ನೆನೆಹಾಕಿ ಮುಗಿಸಿದೆವು.

ಅಕ್ಕಿಯನ್ನು ಹಳತು ಮಾಡುವುದಕ್ಕೂ ಖರ್ಚಿದೆ ಎಂಬುದನ್ನು ನಾವು ಪೇಟೆಯವರು ಮರೆಯುತ್ತೇವೆ. 2025–26ಕ್ಕೆ ‘ಎ’ ದರ್ಜೆಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,389 ರೂಪಾಯಿ. ಸರ್ಕಾರಿ ಖರೀದಿಯ ಲೆಕ್ಕದಂತೆ ಕ್ವಿಂಟಲ್ ಭತ್ತಕ್ಕೆ 67 ಕಿಲೋ ಅಕ್ಕಿ. ಅಂದರೆ ಮಿಲ್ಲಿನ ಕೂಲಿ, ಚೀಲ, ಲಾರಿ ಬಾಡಿಗೆ ಸೇರುವ ಮೊದಲೇ ಕಿಲೋ ಅಕ್ಕಿಗೆ ಭತ್ತದ ಬೆಲೆ ಮೂವತ್ತೈದರ ಮೇಲಾಯಿತು. ಆ ಹಣವನ್ನು ಒಂದು ವರ್ಷ ಗೋದಾಮಿನಲ್ಲಿ ಕೂರಿಸಿದರೆ ಶೇ 12ರ ಬಡ್ಡಿಗೇ ನಾಲ್ಕು ರೂಪಾಯಿ ಬೇಕು. ಗೋದಾಮಿನ ಬಾಡಿಗೆ ಬೇರೆ, ಒಣಗಿ ಕಡಿಮೆಯಾಗುವ ತೂಕ ಬೇರೆ. ಹೊಸದರ ಬೆಲೆಗೇ ಹಳತನ್ನು ಕೊಡುತ್ತೇನೆ ಎನ್ನುವವರು ಒಂದೋ ಧರ್ಮಾತ್ಮರು, ಇಲ್ಲವೇ ಹೊಸ ಅಕ್ಕಿಯನ್ನೇ ಕೊಡುತ್ತಿದ್ದಾರೆ.

ಯಾರ್ಡಿನಲ್ಲಿ ಈ ತಲೆನೋವು ಕಡಿಮೆ, ಏಕೆಂದರೆ ಅಲ್ಲಿ ಅಕ್ಕಿಯನ್ನು ಕೈಗೆ ಕೊಡುತ್ತಾರೆ. ನಾನು ಹೋಗುವ ಮಂಡಿಯಲ್ಲಿ ಸ್ಟೀಲ್ ತಟ್ಟೆಗಳಲ್ಲಿ ಮಾದರಿ ಇಟ್ಟಿರುತ್ತಾರೆ. ಶೆಟ್ಟರು ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ, ಉಫ್ ಎಂದು ಊದಿ, ‘ನೋಡಿ ಅಮ್ಮ, ಬಾಯಿಗೆ ಹಾಕಿಕೊಳ್ಳಿ’ ಎನ್ನುತ್ತಾರೆ. ಹಳೆ ಅಕ್ಕಿ ಕಟಕ್ಕೆಂದು ಮುರಿಯುತ್ತದೆ, ಬಣ್ಣ ಕೆನೆಯ ಕಡೆಗೆ ತಿರುಗಿರುತ್ತದೆ. ಹೊಸದು ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ನೋಡಲು ಮಾತ್ರ ಬೆಳ್ಳಗೆ ಫಳಫಳ. ಕಾಲು ಕಿಲೋ ಕಟ್ಟಿಸಿಕೊಂಡು ಬಂದು ಮನೆಯಲ್ಲಿ ಮಾಡಿ ನೋಡಿ ಮರುದಿನ ಚೀಲ ತಂದರೂ ಬೇಸರ ಮಾಡಿಕೊಳ್ಳುವುದಿಲ್ಲ.

ಅಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದೇ: ಸ್ಟೀಮ್ ಅಕ್ಕಿಯೋ, ಆವಿ ತೋರಿಸದ ರಾ ಅಕ್ಕಿಯೋ? ಭತ್ತಕ್ಕೆ ಆವಿ ಕೊಟ್ಟು ಮಿಲ್ ಮಾಡಿದರೆ ಕಾಳು ಗಟ್ಟಿಯಾಗುತ್ತದೆ, ನುಚ್ಚು ಕಡಿಮೆ, ಹೊಸ ಭತ್ತವಾದರೂ ಅನ್ನ ಉದುರುದುರಾಗಿ ಬರುತ್ತದೆ. ಹೋಟೆಲಿನವರಿಗೆ, ಪಲಾವ್ ಮಾಡುವವರಿಗೆ ಒಳ್ಳೆಯದೇ. ಆದರೆ ಸಾರು ಹಾಕಿ ಕಲಸಿದರೆ ಅನ್ನ ಒಂದು ದಿಕ್ಕು, ಸಾರು ಒಂದು ದಿಕ್ಕು. ನಮ್ಮದು ಸಾರನ್ನದ ಮನೆ, ಹಾಗಾಗಿ ವರ್ಷ ಕಳೆದ ರಾ ಅಕ್ಕಿಯೇ ಬೇಕು.

ತಳಿಯ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ. ಸೋನಾ ಮಸೂರಿ ಎಂದು ಬರೆದ ಚೀಲದೊಳಗೆ ಬಿಪಿಟಿ 5204 ತಳಿ ಇರಬಹುದು, ಆರ್‌ಎನ್‌ಆರ್ 15048 ತಳಿ ಇರಬಹುದು.

ಯಾರ್ಡಿನ ಚೀಲ 26 ಕಿಲೋದ್ದು. ಈ ವಿಚಿತ್ರ ಲೆಕ್ಕಕ್ಕೆ ಕಾರಣ ತೆರಿಗೆ. 2022ರ ಜುಲೈ 18ರಿಂದ, 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5 ಜಿಎಸ್‌ಟಿ. ಅದನ್ನು ದಾಟಿದರೆ ಇಲ್ಲ. ಮಿಲ್ಲಿನವರು ಇನ್ನೊಂದು ಕಿಲೋ ತುಂಬಿ ಹೊಲಿಗೆ ಹಾಕಿದರು, ಅಷ್ಟೇ. ಆ್ಯಪ್‌ನ ಸಣ್ಣ ಪೊಟ್ಟಣದಲ್ಲಿ ಆ ತೆರಿಗೆಯೂ ಬೆಲೆಯೊಳಗೆ ಸೇರಿರುತ್ತದೆ. ಒಟ್ಟಾರೆ ನನಗೆ ಕಿಲೋಗೆ ಎಂಟು ಹತ್ತು ರೂಪಾಯಿ ಉಳಿಯುತ್ತದೆ. ಅದರಲ್ಲಿ ಆಟೊದವರಿಗೆ, ಮಹಡಿ ಹತ್ತಿಸಿದವರಿಗೆ ಕೊಟ್ಟ ಮೇಲೂ ಲಾಭವೇ.

ಇನ್ನು ಸಿಂಧನೂರಿನ ಚೀಲ. ರುಚಿಯೊಂದನ್ನೇ ನೋಡಿದರೆ ಇದಕ್ಕೇ ಮೊದಲ ಸ್ಥಾನ. ಪಾಲಿಶ್ ಕಡಿಮೆ, ಬೇಯುವಾಗ ಮನೆಯೆಲ್ಲ ಅಕ್ಕಿಯ ವಾಸನೆ. ದುಡ್ಡು ರೈತರ ಕೈಗೇ ಹೋಗುತ್ತದೆ ಎಂಬ ಸಮಾಧಾನವೂ ಉಂಟು. ಆದರೆ ಒಂದೆರಡು ಚೀಲಕ್ಕೆ ಲಾರಿ ಬಾಡಿಗೆ ಗಿಟ್ಟುವುದಿಲ್ಲ, ಅಕ್ಕಪಕ್ಕದ ಮನೆಗಳನ್ನೆಲ್ಲ ಒಟ್ಟುಗೂಡಿಸಬೇಕು. ಪಾಲಿಶ್ ಕಡಿಮೆಯಿರುವ ಅಕ್ಕಿಗೆ ಹುಳುವೂ ಬೇಗ. ಬೇವಿನ ಸೊಪ್ಪು, ಒಣಮೆಣಸಿನಕಾಯಿ ಹಾಕಿಟ್ಟರೂ ಆಷಾಢದ ಹೊತ್ತಿಗೆ ಮೊರದಲ್ಲಿ ಕೇರುತ್ತ ಕೂರಬೇಕಾಯಿತು.

ಒಂದೇ ಮನೆಯನ್ನು ನಂಬಿಕೊಂಡರೆ ಇನ್ನೊಂದು ಪೇಚೂ ಇದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ, ಮುಂದಿನ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂದು ಸಿಂಧನೂರಿನ ಆ ರೈತರು ಇದ್ದ ಭತ್ತವನ್ನು ಮಾರುವುದನ್ನೇ ನಿಲ್ಲಿಸಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಕೆಲವೇ ದಿನಗಳಲ್ಲಿ ತಾತ್ಕಾಲಿಕ ಗೇಟು ಕೂರಿಸಿ ನೀರು ಉಳಿಸಿದರು, ಆದರೆ ಅಷ್ಟರೊಳಗೆ ನಮ್ಮ ಡಬ್ಬ ಬರಿದಾಗಿತ್ತು. ಮಂಡಿಗೆ ಗಂಗಾವತಿಯಿಂದಲೂ ಬರುತ್ತದೆ, ಸಿರುಗುಪ್ಪದಿಂದಲೂ ಬರುತ್ತದೆ. ಬೆಲೆ ಏರಬಹುದು, ಅಕ್ಕಿಯಂತೂ ಇರುತ್ತದೆ.

ಒಬ್ಬರೇ ಇರುವವರು, ಬೆಳ್ಳಂದೂರಿನ ಕಡೆ ಬಾಡಿಗೆ ಕೋಣೆಯಲ್ಲಿ ವಾರಕ್ಕೆ ಎರಡು ಸಲ ಅನ್ನ ಮಾಡುವವರು ಆ್ಯಪ್‌ನ ಸಣ್ಣ ಪೊಟ್ಟಣ ತರಿಸಿಕೊಳ್ಳಲಿ. 26 ಕಿಲೋ ಹೊತ್ತುಕೊಂಡು ಊರು ದಾಟಬೇಕಿಲ್ಲ. ದೊಡ್ಡ ಅಪಾರ್ಟ್‌ಮೆಂಟಿನಲ್ಲಿದ್ದು ಹತ್ತು ಮನೆಯವರ ಸ್ನೇಹವಿದ್ದರೆ ಸಿಂಧನೂರು ಚೆನ್ನ. ನಾನು ದಸರಾ ಮುಗಿದ ಮೇಲೆ ಯಾರ್ಡಿನಿಂದ ಎರಡು ಮೂರು ಚೀಲ ಒಟ್ಟಿಗೇ ತಂದಿಡುತ್ತೇನೆ, ಹೊಸ ಅಕ್ಕಿಯ ಗಲಾಟೆ ಕಳೆಯುವವರೆಗೆ ನಡೆಯುತ್ತದೆ. ಸಂಕ್ರಾಂತಿಯ ಪೊಂಗಲಿಗೆ ಮಾತ್ರ ಹೊಸ ಅಕ್ಕಿಯೇ ಆಗಬೇಕು. ಅದಕ್ಕೆ ಆ್ಯಪ್‌ನಿಂದ ಒಂದು ಕಿಲೋ ತರಿಸುತ್ತೇನೆ, ‘ಹಳೆಯದು’ ಎಂದು ಬರೆದಿರುವುದನ್ನೇ.